ಟವೆಲ್ ಹಾಕಿದವನ ಸೀಟು

"ಸರ, ನಾ ಮೊದಲ ಟವೆಲ್ ಹಾಕೀನ್ರಿ."

ಮಂಗಳವಾರದಿಂದ ಈ ಮಾತು ತಲೆಯಲ್ಲೇ ಕೂತಿದೆ. ಕೇಳಿದ್ದು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಲ್ಲ, ನಮ್ಮ ಕಾಲೇಜಿನ ಲ್ಯಾಬಿನಲ್ಲಿ. ಹೇಳಿದವನು ಕೊನೆ ವರ್ಷದ ಹುಡುಗ. ಅವನಿಗೆ ಮಾತಿಗಿಂತ ಮೊದಲು ನಗು ಬರುತ್ತದೆ, ಅದೊಂದು ನನಗೆ ಆಗಿಬರಲ್ಲ.

ನಮ್ಮ ಹಳೇ ಸರ್ವರಿನಲ್ಲಿರೋದು ಓಪನ್ ಎಸ್‌ಎಸ್‌ಎಚ್ 4.3, ಅಂದರೆ ದೂರದಿಂದಲೇ ಸರ್ವರಿಗೆ ಲಾಗಿನ್ ಆಗಲು ಬಿಡುವ ತಂತ್ರಾಂಶ. ಅದರಲ್ಲಿ ಎಕ್ಸ್11 ಫಾರ್ವರ್ಡಿಂಗ್ ಅನ್ನೋ ಸೌಲಭ್ಯ ಇರೋದರಿಂದ ಅಲ್ಲಿನ ಈಮ್ಯಾಕ್ಸ್ ಎಡಿಟರ್ ನನ್ನ ಸ್ಕ್ರೀನಿನಲ್ಲೇ ತೆರೆಯುತ್ತದೆ. ಅವತ್ತು ತೆರೆಯಲಿಲ್ಲ. ಹಿಂದಿನ ಬೆಂಚಿನಿಂದ ಟವೆಲ್ ಮಾತು ಬಂತು. ಹೋಗಿ ನೋಡಿದರೆ ನನ್ನ ಕುಕ್ಕಿ ಅವನ ಮುಂದೆ ಬಿದ್ದಿದೆ. ಕುಕ್ಕಿ ಅಂದರೆ ನನ್ನ ಸ್ಕ್ರೀನಿಗೆ ಒಳಬಿಡುವ ಗುಟ್ಟಿನ ಚೀಟಿ.

ಸರ್ವರಿನಲ್ಲಿ ನನ್ನ ಸ್ಕ್ರೀನಿಗೆ ಇರುವ ನಂಬರ್ ಡಿಸ್‌ಪ್ಲೇ 10. ಅಂದರೆ ಪೋರ್ಟ್ 6010, ಪ್ರೋಗ್ರಾಂಗಳು ಬಂದು ಸಂಪರ್ಕಿಸುವ ಜಾಗ. ಅದು ಇಬ್ಬರು ಕೂರುವ ಸೀಟು ಅಂದುಕೊಳ್ಳಿ. ಒಂದು ಬದಿ ಐಪಿವಿ4, ಇನ್ನೊಂದು ಐಪಿವಿ6; ನೆಟ್‌ವರ್ಕ್ ವಿಳಾಸದ ಹಳೇ ಪದ್ಧತಿ ಒಂದು, ಹೊಸದು ಇನ್ನೊಂದು. ಇವನು ಐಪಿವಿ4 ಬದಿಗೆ ಮೊದಲೇ ಟವೆಲ್ ಹಾಕಿದ್ದ. ಎಸ್‌ಎಸ್‌ಎಚ್ ಬಂತು, ಉಳಿದ ಬದಿಯಲ್ಲಿ ಕೂತು, ಸೀಟು ಸಿಕ್ಕಿತು ಅಂತ ನನಗೆ 10ನೇ ನಂಬರ್ ಹೇಳಿತು. ಈಮ್ಯಾಕ್ಸ್ ಆ ನಂಬರ್ ಹುಡುಕಿಕೊಂಡು ಹೋಗಿ ಚೀಟಿಯನ್ನು ಇವನ ಕೈಗೆ ಕೊಟ್ಟಿತು. ಅದನ್ನು ಪಕ್ಕದ ಎಸ್‌ಎಸ್‌ಎಚ್‌ಗೇ ತೋರಿಸಿ ಒಳಗೆ ಬಂದರೆ ನಾನು ಒತ್ತುವ ಕೀಗಳನ್ನೂ ಓದಬಹುದು. ರೂಟ್ ಪಾಸ್‌ವರ್ಡ್, ಅಂದರೆ ಸರ್ವರಿನ ಯಜಮಾನನ ಪಾಸ್‌ವರ್ಡ್ ಬೇಡ, ಅದೇ ಸರ್ವರಿನಲ್ಲಿ ಒಂದು ಅಕೌಂಟ್ ಸಾಕು. ಇದನ್ನು 2008ರ ಏಪ್ರಿಲ್‌ನಲ್ಲಿ ಬಂದ 5.0ರಲ್ಲೇ ಸರಿಮಾಡಿದ್ದಾರೆ. ಆಗ ಈ ಹುಡುಗ ಅಂಗನವಾಡಿಯಲ್ಲಿದ್ದನೇನೋ!

ನಮ್ಮ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. "ಹೊರಗಿನವ್ರು ಯಾರೂ ಬರಂಗಿಲ್ಲಲ, ಬಿಡ್ರಿ" ಅಂದರು. ಒಳ್ಳೆಯ ಮನುಷ್ಯ. ಕಳ್ಳರೆಲ್ಲ ಗೇಟಿನ ಆಚೆಗೇ ಇರುತ್ತಾರೆ ಅಂತ ನಂಬಿದವರು. ನಾನೇನು ಬೇರೆ? ಫೈರ್‌ವಾಲ್ ಬಗ್ಗೆ ಎಷ್ಟು ಜಂಬ ಕೊಚ್ಚಿದ್ದೆ.

ಎಸ್‌ಎಸ್‌ಎಚ್ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅರ್ಧ ಸೀಟು ಸಿಕ್ಕಿದ್ದಕ್ಕೆ ಪೂರ್ತಿ ಸಿಕ್ಕಿತು ಅನ್ನೋದು ನನಗೂ ರೂಢಿಯೇ. ಹೋದ ವರ್ಷ ಸ್ಟಾಕ್ ರಿಜಿಸ್ಟರಿನಲ್ಲಿ ಎಲ್ಲ ಕಂಪ್ಯೂಟರುಗಳೂ ಚಾಲ್ತಿಯಲ್ಲಿವೆ ಅಂತ ಬರೆದಿದೆ. ಕಿಟಕಿ ಪಕ್ಕದ ಸಾಲಿನವು ಆನ್ ಕೂಡ ಆಗಲ್ಲ. ಸಹಿ ಯಾರದ್ದು ಅಂತ ಕೇಳಬೇಡಿ.

ಹೊಸ ಆವೃತ್ತಿ ಹಾಕುವ ತನಕ ಐಪಿವಿ4 ಒಂದೇ ಸಾಕು ಅಂತ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಬರೆದೆ. ಇನ್ನು ಅರ್ಧ ಸೀಟಿನ ಮಾತಿಲ್ಲ, ಟವೆಲ್ ಇದ್ದರೆ ಎಸ್‌ಎಸ್‌ಎಚ್ ಮುಂದಿನ ನಂಬರಿಗೆ ಹೋಗಬೇಕು. ಗುರುವಾರ ಅವನನ್ನೇ ಕರೆದು, ಮತ್ತೆ ಟವೆಲ್ ಹಾಕು ಅಂದೆ. ಲಾಗಿನ್ ಆದೆ. ಈಮ್ಯಾಕ್ಸ್ ತೆರೆಯಿತು.

"ಸರ, ನಿಮಗ 11 ಬಂತ್ರಿ," ಅಂದ. ಈ ಸಲ ನಗು ಆಮೇಲೆ ಬಂತು.