ಒತ್ತುದು ಎಷ್ಟು ಮಾರಾಯ್ರೆ?

"ಇದ್ರಲ್ಲಿ ನೀವು ಒತ್ತುದು ಎಷ್ಟು ಮಾರಾಯ್ರೆ?"

ಮಂಗಳವಾರ ಕೇಳಿದ ಪ್ರಶ್ನೆ. ಇವತ್ತು ಶನಿವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಕೇಳಿದವರು ಬ್ರಹ್ಮಾವರ ಕಡೆಯವರು. ಮೊದಲು ಮೈಕ್ ಸೆಟ್ ಇಟ್ಟುಕೊಂಡಿದ್ದರು. ಈಗ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡಿ ಮಾತಾಡುವ ಯಕ್ಷಗಾನ, ರೆಕಾರ್ಡ್ ಮಾಡಿ, ಸಾಫ್ ಮಾಡಿ ಸಂಘಟಕರಿಗೆ ಕೊಡುತ್ತಾರೆ. ಮೇ ಕೊನೆಯ ಪತ್ತನಾಜೆ ಕಳೆದು, ಯಕ್ಷಗಾನ ಮೇಳದವರು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ ಅವರ ಸೀಸನ್ ಶುರು. ಹೋದ ವಾರದ ಸಿಡಿಲಿಗೆ ಅವರ ಕಂಪ್ಯೂಟರ್ ಹೋಯಿತು. ಸಂಘಟಕರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರಂತೆ. ಹಾಗಾಗಿ ಅಳಿಯನನ್ನು ಕರೆದುಕೊಂಡು ಮಂಗಳೂರಿನ ಬಿಜೈಯ ನನ್ನ ಸ್ಟುಡಿಯೋಗೆ ಬಂದರು. ಅಳಿಯ ಚಾ ಬಂದಾಗ ಮಾತ್ರ ಮೊಬೈಲ್‌ನಿಂದ ತಲೆ ಎತ್ತುವ ಜಾತಿ.

ನನ್ನ ಸ್ಕ್ರೀನ್ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕೆಲಸ ಮಾಡುವುದು ರೀಪರ್‌ನಲ್ಲಿ. ಬಣ್ಣ, ಬಟನ್, ಮೆನು, ಕೀಲಿ, ಯಾವುದನ್ನು ಬೇಕಾದರೂ ಬದಲಾಯಿಸಿಕೊಳ್ಳಬಹುದಾದ ರೆಕಾರ್ಡಿಂಗ್ ಸಾಫ್ಟ್‌ವೇರ್ ಅದು. ನಾನೂ ಬದಲಾಯಿಸಿದ್ದೇನೆ, ವರ್ಷಗಟ್ಟಲೆ. ಎರಡು ಮಾನಿಟರ್, ಕಪ್ಪು ಥೀಮ್, ಗಾಯನಕ್ಕೆ ಒಂದು ಬಣ್ಣ, ತಾಳವಾದ್ಯಕ್ಕೆ ಇನ್ನೊಂದು. ಮೇಲೆ ಸಣ್ಣ ಸಣ್ಣ ಚಿತ್ರಗಳಿರುವ ನಲವತ್ತು ಚಿಲ್ಲರೆ ಬಟನ್. ಕೆಳಗೆ ಕುಣಿಯುವ ಮೀಟರ್‌ಗಳು. ಅದನ್ನು ನೋಡಿಯೇ ಅವರು ಹಾಗೆ ಕೇಳಿದ್ದು.

"ಎಲ್ಲ ಬೇಕಾಗ್ತದೆ ಅಣ್ಣ," ಅಂದೆ.

"ಹೌದಾ?" ಅಂದರು. ಅಷ್ಟೇ. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಇಷ್ಟು ವರ್ಷ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಪಕ್ಕದಲ್ಲೇ ಕೂತವರು. ಒಂದು "ಹೌದಾ"ದಲ್ಲಿ ಏನೆಲ್ಲ ಇಡಬಹುದು ಅಂತ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ಕಿಸೆಯಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದರು. ರೀಪರ್ ಅನ್ನು ಪೆನ್ ಡ್ರೈವ್‌ನಲ್ಲೇ ಹಾಕಿಕೊಳ್ಳಬಹುದು. ಸೆಟ್ಟಿಂಗ್ ಎಲ್ಲಾ ಅದರೊಳಗೇ ಇರುತ್ತದೆ, ಬೇರೆಯವರ ಕಂಪ್ಯೂಟರಿಗೆ ಏನೂ ಅಂಟುವುದಿಲ್ಲ. ನನಗೂ ಗೊತ್ತಿತ್ತು, ಆದರೆ ಹಾಗೆ ಬಳಸುವವರನ್ನು ನೋಡಿದ್ದು ಇದೇ ಮೊದಲು. ನನ್ನ ಸೌಂಡ್ ಕಾರ್ಡ್ ಯಾವುದು ಅಂತ ತೋರಿಸಿಕೊಟ್ಟೆ, ಬೇರೇನೂ ಬೇಕಾಗಲಿಲ್ಲ. ಅವರ ರೀಪರ್ ಎದ್ದಿತು.

ಖಾಲಿ. ಮಿಕ್ಸರ್ ಇಲ್ಲ. ತಾಳದ ಲೆಕ್ಕದ ಗೆರೆಗಳ ಗ್ರಿಡ್ ಇಲ್ಲ. ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೊನೋಮ್ ಇಲ್ಲ. ಮೇಲಿನ ಪಟ್ಟಿಯಲ್ಲಿ ಬಾರ್, ಬೀಟ್ ಯಾವುದೂ ಇಲ್ಲ, ಗಂಟೆ ನಿಮಿಷ ಮಾತ್ರ. ಒಂದೊಂದು ಮೈಕಿಗೆ ಒಂದೊಂದು ದಪ್ಪ ಟ್ರ್ಯಾಕ್. ಎಡಗಡೆ ಐದು ದೊಡ್ಡ ಬಟನ್, ಕನ್ನಡದಲ್ಲಿ: ಪದ, ಅರ್ಥ, ಚೆಂಡೆ ಇಳಿಸು, ಕೆಮ್ಮು, ಕೊಡು.

ಕೆಮ್ಮು!

ನಾನು ನಕ್ಕೆ. ಅವರು ನಗಲಿಲ್ಲ. ಒತ್ತಿ ತೋರಿಸಿದರು. ಎದುರಿನವರು ಅರ್ಥ ಹೇಳುತ್ತಿರುವಾಗ ಈ ಕಡೆಯ ಅರ್ಥಧಾರಿ ತಮ್ಮ ಮೈಕಿಗೇ ಕೆಮ್ಮುತ್ತಾರೆ. ಕತ್ತರಿಸಿ ತೆಗೆಯುವ ಹಾಗಿಲ್ಲ, ಎದುರಿನವರ ಮಾತೂ ಹೋಗುತ್ತದೆ. ಹಾಗಾಗಿ ಆ ಮೈಕಿನಲ್ಲಿ ಕೆಮ್ಮಿನಷ್ಟು ಜಾಗವನ್ನು ಎಳೆದು ಗುರುತು ಮಾಡಿ ಬಟನ್ ಒತ್ತುತ್ತಾರೆ. ಆ ತುಂಡು ಬೇರೆಯಾಗಿ, ಅದರ ಸದ್ದು 12 ಡೆಸಿಬೆಲ್ ಇಳಿಯುತ್ತದೆ.

"ಪೂರ್ತಿ ಮ್ಯೂಟ್ ಮಾಡಬಹುದಲ್ಲ?"

"ಮಾಡಿದ್ರೆ ಗುಂಡಿ ಬೀಳ್ತದೆ. ಶೀಟಿನ ಮೇಲೆ ಮಳೆ ಬರ್ತಾ ಉಂಟು, ಆ ಮೈಕಿನಲ್ಲಿ ಅದೂ ಉಂಟಲ್ಲ. ಮಳೆ ಒಮ್ಮೆಲೇ ಕಮ್ಮಿ ಆದ್ರೆ ಜನಕ್ಕೆ ಗೊತ್ತಾಗ್ತದೆ. ಕೆಮ್ಮು ದೂರ ಹೋದ್ರೆ ಸಾಕು."

ಅದು ಹೇಗೆ ಮಾಡಿದ್ದಾರೆ ಅಂತ ಒಳಗೆ ಹೋಗಿ ನೋಡಿದೆ. ರೀಪರ್‌ನಲ್ಲಿ ಸಾವಿರಾರು ಆಕ್ಷನ್‌ಗಳಿವೆ. ಬೇಕಾದವನ್ನು ಒಂದರ ಕೆಳಗೆ ಒಂದು ಜೋಡಿಸಿ ಒಂದೇ ಬಟನ್‌ಗೆ ಕಟ್ಟಬಹುದು. ಇವರ ಪಟ್ಟಿಯಲ್ಲಿ ಮೊದಲು "ಗುರುತು ಮಾಡಿದಲ್ಲಿ ತುಂಡು ಮಾಡು". ಅದರ ಕೆಳಗೆ "ಒಂದು ಡೆಸಿಬೆಲ್ ಇಳಿಸು" ಅನ್ನುವ ಆಕ್ಷನ್. ಅದನ್ನೇ 12 ಸಲ ಹಾಕಿದ್ದಾರೆ, ಒಂದರ ಕೆಳಗೊಂದು. ಸಾಫ್ಟ್‌ವೇರ್ ಕಲಿತ ಯಾರೂ ಹಾಗೆ ಮಾಡುವುದಿಲ್ಲ.

ಪದ ಮತ್ತು ಅರ್ಥ ಬಟನ್‌ಗಳಿಗೆ ರೆಕಾರ್ಡ್ ಆಗುವಾಗಲೇ ಕೆಲಸ. ಹಾಡುವ ಭಾಗವತರು ಪದ, ಅಂದರೆ ಹಾಡು, ಎತ್ತಿದಾಗ ಒಂದು, ಪದ ಮುಗಿದು ಅರ್ಥಕ್ಕೆ, ಅಂದರೆ ಮಾತಿಗೆ, ಇಳಿದಾಗ ಇನ್ನೊಂದು ಒತ್ತುತ್ತಾರೆ. ಬೇರೆ ಬೇರೆ ಬಣ್ಣದ ಗುರುತು ಬೀಳುತ್ತಾ ಹೋಗುತ್ತದೆ. ಪ್ರಸಂಗ ಮುಗಿಯುವ ಹೊತ್ತಿಗೆ ಅದರ ನಕ್ಷೆಯೇ ತಯಾರು. ಚೆಂಡೆ ಇಳಿಸುವುದು ಯಾಕೆ ಅಂತ ಕರಾವಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಚೆಂಡೆಗೆ ಮೈಕ್ ಇಡದಿದ್ದರೂ ಅದು ಎಲ್ಲಾ ಮೈಕಿನಲ್ಲೂ ಬಂದು ಕೂರುತ್ತದೆ. ಕೊನೆಯದು ಕೊಡು. ಒತ್ತಿದರೆ ಫೈಲ್ ಬರುತ್ತದೆ, ಸಂಘಟಕರ ಮೊಬೈಲಿಗೆ ಹೋಗುತ್ತದೆ.

ಅವತ್ತು ರಾತ್ರಿ ಮಲಗಿದ ಮೇಲೆ ಮತ್ತೆ ಅದೇ. "ಒತ್ತುದು ಎಷ್ಟು ಮಾರಾಯ್ರೆ?"

ನನ್ನ ಪರವಾಗಿಯೂ ಒಂದೆರಡು ಮಾತು ಇದೆ. ನಾನು ಮೊದಲು ಕಲಿತದ್ದು ಕ್ಯೂಬೇಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಅಲ್ಲಿ ಎಸ್ ಒತ್ತಿದರೆ ಸೋಲೋ, ಆ ಟ್ರ್ಯಾಕ್ ಒಂದೇ ಕೇಳುತ್ತದೆ. ರೀಪರ್‌ನಲ್ಲಿ ಎಸ್ ಒತ್ತಿದರೆ ಆಡಿಯೋ ಎರಡು ತುಂಡು. ಬೆರಳಿಗೆ ಒಮ್ಮೆ ಬಂದದ್ದು ಹೋಗುವುದಿಲ್ಲ, ಅದಕ್ಕೇ ಕೀಲಿಗಳನ್ನು ಬದಲಾಯಿಸಿಕೊಂಡೆ. ನನ್ನ ಹತ್ತಿರ ಬೆಳಗ್ಗೆ ಭಜನೆಯವರು, ಮಧ್ಯಾಹ್ನ ಜಾಹೀರಾತಿನವರು, ಸಂಜೆ ತುಳು ಸಿನಿಮಾದ ಡಬ್ಬಿಂಗಿನವರು ಬರುತ್ತಾರೆ. ಐದು ಬಟನ್ ಸಾಲುವುದಿಲ್ಲ. ಇನ್ನೊಂದು ವಿಷಯ, ಹೇಳಬಾರದು ಆದರೂ ಹೇಳುತ್ತೇನೆ. ಗಿರಾಕಿಗಳು ಸ್ಕ್ರೀನ್ ನೋಡಿಯೇ ರೇಟು ಒಪ್ಪಿಕೊಳ್ಳುತ್ತಾರೆ. ಮೀಟರ್ ಕುಣಿದಷ್ಟೂ ಚೌಕಾಸಿ ಕಮ್ಮಿ. ಆ ಬ್ರಹ್ಮಾವರದ ಸ್ಕ್ರೀನ್ ಇಟ್ಟುಕೊಂಡು ಗಂಟೆಗೆ ಇಷ್ಟು ಅಂದರೆ ಎದ್ದು ಹೋಗುತ್ತಾರೆ.

ರೀಪರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಮೊದಲು ಮಾಡಿದ್ದು ಕಂಪ್ಯೂಟರಿನಲ್ಲಿ ಹಾಡು ಕೇಳುವ ವಿನ್‌ಆಂಪ್, 1997ರಲ್ಲಿ. ನಮ್ಮ ವಯಸ್ಸಿನವರಿಗೆ ನೆನಪಿರಬೇಕು, ಸೈಬರ್ ಕೆಫೆಯಲ್ಲಿ ಕೂತು ಅದಕ್ಕೆ ಸ್ಕಿನ್ ಹಾಕುತ್ತಿದ್ದೆವು. ಹಾಡು ಅದೇ, ಸದ್ದು ಅದೇ, ಡಬ್ಬದ ಬಣ್ಣ ಮಾತ್ರ ಬೇರೆ. ಆದರೂ ಎಷ್ಟು ಖುಷಿ! 2006ರಲ್ಲಿ ರೀಪರ್‌ನ 1.0 ಆವೃತ್ತಿ ಬಂತು. ಆ ಸ್ಕಿನ್ ಹಾಕುವ ಚಟ ನಮ್ಮಲ್ಲಿ ಹಾಗೇ ಮುಂದುವರಿಯಿತು ಅನಿಸುತ್ತದೆ. ಥೀಮ್ ಬದಲಾಯಿಸಲು ಒಂದು ಸಂಜೆ ಸಾಕು. ನಾನು ದಿನಾ ಏನು ಕೆಲಸ ಮಾಡುತ್ತೇನೆ ಅಂತ ತಿಳಿದುಕೊಳ್ಳಲು ಜಾಸ್ತಿ ಹೊತ್ತು ಬೇಕು. ಅಣ್ಣನಿಗೆ ಅದು ಮೊದಲೇ ಗೊತ್ತಿತ್ತು. ಕಂಪ್ಯೂಟರ್ ಆಮೇಲೆ ಬಂತು.

ಅವರು ತೆಗೆದುಹಾಕಿದ್ದರ ಬಗ್ಗೆ ನಾನು ಹೆಚ್ಚು ಯೋಚಿಸಿದೆ. ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆಯಿರಿ. ಹೆಚ್ಚಿನವುಗಳಲ್ಲಿ 120ರ ಟೆಂಪೋ, ನಾಲ್ಕರ ತಾಳ, ಗೆರೆ ಎಳೆದ ಗ್ರಿಡ್ ಮೊದಲೇ ಕೂತಿರುತ್ತದೆ. ನೀವು ಏನು ಹಾಡುತ್ತೀರಿ ಅಂತ ಕೇಳುವ ಮೊದಲೇ. ಯಕ್ಷಗಾನದಲ್ಲಿ ಕಾಲ ಇರುವುದು ಭಾಗವತರ ಕೈಯಲ್ಲಿ. ಬಡಗು ಶೈಲಿಯಲ್ಲಿ ತಾಳ, ತೆಂಕು ಶೈಲಿಯಲ್ಲಿ ಜಾಗಟೆ. ಅವರು ಎಳೆದರೆ ಮದ್ದಳೆ ಎಳೆಯುತ್ತದೆ, ಓಡಿಸಿದರೆ ಚೆಂಡೆ ಓಡುತ್ತದೆ. ಅಲ್ಲಿ ಗ್ರಿಡ್ ಇಟ್ಟುಕೊಂಡು ಮಾಡುವುದೇನು? ಈಗ ಕೆಲವರು ಯಕ್ಷಗಾನದ ಪದವನ್ನು ಮೆಟ್ರೊನೋಮಿನ ಕ್ಲಿಕ್‌ಗೆ ಕೂರಿಸಿ, ಕೆಳಗೆ ಗಿಟಾರ್ ಹಾಕಿ ರೀಲ್ಸ್ ಮಾಡುತ್ತಾರೆ. ನನ್ನಲ್ಲಿಗೂ ಬರುತ್ತಾರೆ, ದುಡ್ಡು ಕೊಡುತ್ತಾರೆ, ಮಾಡಿಕೊಡುತ್ತೇನೆ. ಕೇಳಲಿಕ್ಕೆ ಸಪ್ಪೆ. ಚೆಂಡೆಯ ಒಂದೊಂದು ಪೆಟ್ಟನ್ನೂ ಎಳೆದು ಗೆರೆಗೆ ಕೂರಿಸು ಅಂತ ಒಬ್ಬ ಹುಡುಗ ಹೇಳಿದ್ದ. ಚೆಂಡೆಯವರು ತಪ್ಪು ಬಾರಿಸಿದ್ದಾರೆ ಅಂತ ಅವನ ಲೆಕ್ಕ. ಗೆರೆ ಕಾಣದಿದ್ದರೆ ಆ ತಪ್ಪೂ ಅವನಿಗೆ ಕಾಣುತ್ತಿರಲಿಲ್ಲ, ಅಲ್ವಾ?

ಹಾಗಂತ ಅಣ್ಣನ ಸ್ಕ್ರೀನ್ ದೇವರ ಹಾಗೆ ಅಂತಲ್ಲ. ಅದನ್ನು ಅವರಲ್ಲದೆ ಯಾರೂ ಓಡಿಸಲಾರರು. ಊಟಕ್ಕೆ ಹೋದಾಗ ಅಳಿಯನನ್ನು ಕೇಳಿದೆ, "ನಿಂಗೆ ಬರ್ತದಾ ಇದು?" ಇಲ್ಲ ಅಂತ ತಲೆ ಆಡಿಸಿದ. "ಮಾವ ಮುಟ್ಲಿಕ್ಕೆ ಬಿಡುದಿಲ್ಲ." ನೋಡಿದರೆ ಹುಡುಗನ ಕಿವಿ ಒಳ್ಳೆಯದು. ಬೆಳಗ್ಗೆ ಒಂದು ಕಡೆ ಫ್ಯಾನಿನ ಗುಂಯ್ ಸದ್ದು ಉಳಿದದ್ದನ್ನು ಮೊಬೈಲ್‌ನಿಂದ ತಲೆ ಎತ್ತದೆಯೇ ಹೇಳಿದವನು ಅವನೇ. ಏಬಲ್ಟನ್ ಲೈವ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಿಟಕಿಗಳನ್ನು ಬೇಕಾದ ಹಾಗೆ ಕಿತ್ತು ಜೋಡಿಸಲು ಬಿಡುವುದಿಲ್ಲ ಅಂತ ನಾವು ಬೈಯುತ್ತೇವೆ. ಆದರೆ ಅದನ್ನು ಕಲಿತವನು ಯಾವ ಊರಿನ ಸ್ಟುಡಿಯೋದಲ್ಲಿ ಕೂತರೂ ಕೆಲಸ ಶುರು ಮಾಡಬಹುದು. ಅಣ್ಣನಿಗೆ ಜ್ವರ ಬಂದರೆ ಬ್ರಹ್ಮಾವರದ ತಾಳಮದ್ದಳೆ ಪೆನ್ ಡ್ರೈವ್‌ನಲ್ಲೇ ಕೂರುತ್ತದೆ.

ಇದನ್ನು ಅವರಿಗೇ ಹೇಳಿದೆ. "ಅವ ಅವನದ್ದು ಮಾಡಿಕೊಳ್ಳಲಿ. ನಂದು ಯಾಕೆ?" ಅಂದರು. ಆ ಉತ್ತರ ನನಗೆ ಸರಿ ಕಾಣಲಿಲ್ಲ. ಕಲಿಸುವ ಕಷ್ಟ ತಪ್ಪಿಸಿಕೊಳ್ಳುವವರೆಲ್ಲ ಹೀಗೇ ಹೇಳುವುದು.

ಹೋಗುವ ಮೊದಲು ಆ 12 ಸಾಲಿನ ಪಟ್ಟಿಯ ಮಾತು ಎತ್ತಿದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಬರೆದು ಕೊಡಲಾ ಅಂದೆ.

"ಬೇಡ ಮಾರಾಯ್ರೆ. ನೀವು ಬರೆದದ್ದು ನನಗೆ ಓದ್ಲಿಕ್ಕೆ ಬರುದಿಲ್ಲ. ಇದಾದ್ರೆ ಎಣಿಸ್ಬಹುದು. ಜಾಸ್ತಿ ಆಯ್ತಾ, ಎರಡು ಅಳಿಸುದು."

ಗುರುವಾರ ನನ್ನ ಟೂಲ್‌ಬಾರಿನಲ್ಲಿ ನಾನೂ ಕೆಮ್ಮು ಅಂತ ಒಂದು ಬಟನ್ ಮಾಡಿದೆ, ಅವರ ಹಾಗೆಯೇ ಸಾಲು ಸಾಲಾಗಿ. ಹಳೆಯ ನಲವತ್ತರಲ್ಲಿ ಒಂದನ್ನೂ ತೆಗೆಯಲಿಲ್ಲ. ಡಬ್ಬಿಂಗಿನ ಆಡಿಯೋದಲ್ಲಿ ಒತ್ತಿ ನೋಡಿದರೆ 12 ಜಾಸ್ತಿ ಆಯಿತು. ನನ್ನಲ್ಲಿ ಶೀಟೂ ಇಲ್ಲ, ಮಳೆಯೂ ಕೇಳುವುದಿಲ್ಲ. ಮೂರು ಸಾಲು ಅಳಿಸಿದೆ. 9 ಸಾಕು.