ಹಾಲಿನಂಥ ಸೀರಂ, ನಾನು ಗದರಿದ ತಾಯಿ

ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷ ಆಯ್ತು. ಇದು ನನ್ನದೇ ತಪ್ಪಿನ ಕಥೆ. ಮನೆಯವರ ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ.

ಒಂಬತ್ತು ವರ್ಷದ ಹುಡುಗಿ, ಹೊಟ್ಟೆನೋವು. ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದರೆ, ತಿಳಿ ಹಳದಿ ಇರಬೇಕಾದ ಸೀರಂ (ರಕ್ತಕಣಗಳು ಕೆಳಗಿಳಿದ ಮೇಲೆ ಉಳಿಯುವ ತಿಳಿ) ಡೈರಿಗೆ ಹಾಕುವ ಹಾಲಿನ ಥರ ಬೆಳ್ಳಗಿತ್ತು. ತಿನ್ನಿಸಿಕೊಂಡು ಬಂದಿದ್ದಾರೆ ಅಂತ ತಾಯಿಯನ್ನು ಗದರಿದೆ. "ಇಲ್ಲ ಸಾರ್, ರಾತ್ರಿ ಮುದ್ದೆ ಉಂಡಿದ್ದೇ ಕಡೆ, ಬೆಳಗ್ಗೆ ಕಾಫೀನೂ ಕೊಟ್ಟಿಲ್ಲ" ಅಂದರು. ನಾನು ನಂಬಲಿಲ್ಲ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದೆ. ಮಾರನೇ ದಿನವೂ ಅದೇ ಹಾಲು.

ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು, ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿರಬೇಕು. ಮೆಷಿನ್ ಕೈಚೆಲ್ಲಿತು, ಸ್ಯಾಂಪಲ್ ತೆಳು ಮಾಡಿ ಹಾಕಿದ ಮೇಲೆ ಬಂದದ್ದು 3,100. ಟ್ಯೂಬನ್ನು ರಾತ್ರಿ ಫ್ರಿಜ್‌ನಲ್ಲಿಟ್ಟಿದ್ದೆ, ಬೆಳಗ್ಗೆ ಮೇಲೆ ಕೆನೆ ಕಟ್ಟಿತ್ತು. ಊಟದ ಕೊಬ್ಬನ್ನು ಹೊತ್ತ ಕೈಲೋಮೈಕ್ರಾನ್‌ಗಳು ರಕ್ತದಲ್ಲೇ ಉಳಿದಿವೆ ಅಂತ ಅರ್ಥ.

ಆಮೇಲೆ ಹಳೇ ರಿಜಿಸ್ಟರ್ ತೆಗೆದೆ. ಎರಡು ತಿಂಗಳ ಹಿಂದೆ ಇದೇ ಹುಡುಗಿ ಇದೇ ನೋವಿಗೆ ಬಂದಿದ್ದಳು. ಮೇದೋಜೀರಕ ಗ್ರಂಥಿ ಊದಿದರೆ ರಕ್ತದಲ್ಲಿ ಏರುವ ಅಮೈಲೇಸ್ ನಾರ್ಮಲ್ ಅಂತ ವರದಿ ಕೊಟ್ಟವನು ನಾನೇ. ಮೆಷಿನ್ ಓದುವುದು ಬೆಳಕಿನಿಂದ ಅಲ್ವಾ, ಇಷ್ಟು ಕೊಬ್ಬಿದ್ದರೆ ಅಮೈಲೇಸ್ ಜಾಸ್ತಿಯಿದ್ದರೂ ನಾರ್ಮಲ್ ಅಂತ ತೋರಿಸಬಹುದು. "ಸೀರಂ ಬೆಳ್ಳಗಿದೆ" ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೆ, ವರದಿಯಲ್ಲಿ ಬರೆದಿರಲಿಲ್ಲ. ಇಷ್ಟು ಕೊಬ್ಬಿನಿಂದ ಆಗುವ ಮೇದೋಜೀರಕ ಗ್ರಂಥಿಯ ಊತ ಆಗಲೇ ಇದ್ದಿರಬಹುದು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದರು.

ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಆಯ್ತು. ರಕ್ತದ ಕೊಬ್ಬನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಕೆಲಸ ಮಾಡುತ್ತಿಲ್ಲ. ಸುಮಾರು ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವ ಕಾಯಿಲೆ. ತಂದೆ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು, ನಮ್ಮ ಕಡೆ ಮಾಮೂಲು. ಇಬ್ಬರಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ.

ಹಾಗಾದರೆ ಅಣ್ಣ? ಅವನಿಗೆ ಹದಿನೇಳು, ತಂಗಿಯನ್ನು ಬೈಕಿನಲ್ಲಿ ಕರೆತರುತ್ತಿದ್ದವನೇ ಅವನು. ಮೊಣಕೈ ತುಂಬ ಸಣ್ಣ ಹಳದಿ ಗುಳ್ಳೆಗಳು, ನಾನು ಸುಮ್ನೆ ಮೊಡವೆ ಅಂದುಕೊಂಡಿದ್ದೆ. ಅದೂ ಕೊಬ್ಬೇ. ಅವನದು 2,700! ಹುಟ್ಟಿದಾಗಿನಿಂದ ಹೊಟ್ಟೆನೋವು ಕಂಡವನಲ್ಲ. ಅದೇ ಜೀನ್, ಅದೇ ಮನೆ, ಅದೇ ಮುದ್ದೆ ಸಾರು. ಕೆಲವರಲ್ಲಿ ಇದು ಹಾಲು ಕುಡಿಯುವ ಮಗುವಿನಲ್ಲೇ ಗೊತ್ತಾಗುತ್ತದಂತೆ, ಕೆಲವು ಹೆಂಗಸರಲ್ಲಿ ಬಸಿರಾದಾಗ ಟ್ರೈಗ್ಲಿಸರೈಡ್ ಇನ್ನಷ್ಟು ಏರಿ ಆಗ ಮೊದಲ ಸಲ ಸಿಕ್ಕಿಬೀಳುತ್ತದಂತೆ. ನಂಬರ್ ನೋಡಿ ಯಾರಿಗೆ ಯಾವಾಗ ನೋವು ಬರುತ್ತದೆ ಅಂತ ಡಾಕ್ಟರೂ ಹೇಳಲಾರರು.

ದಿನಕ್ಕೆ 15–20 ಗ್ರಾಂ ಕೊಬ್ಬು ಮೀರಬಾರದು ಅಂದಿದ್ದಾರೆ. ಹುಡುಗಿ ಪಾಲಿಸುತ್ತಾಳೆ, ಈಗ 1,100ಕ್ಕೆ ಇಳಿದಿದೆ. ಅಣ್ಣ ಮಾತ್ರ ಬಸ್ ಸ್ಟ್ಯಾಂಡಿನ ಬಜ್ಜಿ ಬಿಟ್ಟಿಲ್ಲ. "ನೋವಿರೋದು ಅವಳಿಗೆ ಅಲ್ವಾ ಸಾರ್" ಅಂತ ನಗುತ್ತಾ ಕೈ ಚಾಚುತ್ತಾನೆ. ಸೂಜಿ ಚುಚ್ಚುತ್ತೇನೆ, ಮತ್ತೆ ಹಾಲು.