ಗುಮ್ಮಟ ಕಾಣುವ ಕೋಣೆಗೆ ಹೆಚ್ಚು ದುಡ್ಡು ಕೊಡಬೇಡಿ

ವಿಜಯಪುರಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಗೋಳಗುಮ್ಮಟ ಕಾಣುವ ಕೋಣೆ ಎಂದು ಯಾರಾದರೂ ಹೆಚ್ಚು ಬಾಡಿಗೆ ಕೇಳಿದರೆ ಒಪ್ಪಿಕೊಳ್ಳಬೇಡಿ. ಆ ಗುಮ್ಮಟ ಊರಿನ ಅರ್ಧ ಬೀದಿಗಳಿಂದ ಕಾಣುತ್ತದೆ. ಚಹಾ ಅಂಗಡಿಯ ಮುಂದೆ ನಿಂತರೆ ಪುಕ್ಕಟೆಯಾಗಿ ಕಾಣುತ್ತದೆ. ಕಾಣದೆ ಹೋದದ್ದು ನಾವು ದುಡ್ಡು ಕೊಟ್ಟ ಕೋಣೆಯಿಂದ ಮಾತ್ರ.

ಡಿಸೆಂಬರಿನಲ್ಲಿ ಅಕ್ಕನೂ ನಾನೂ ತುಮಕೂರಿನಿಂದ ಹೊರಟೆವು. ಮಾಮೂಲಿ ಕೋಣೆಗೆ 1,600 ರೂಪಾಯಿ, ಗುಮ್ಮಟದ ಕಡೆಯ ಕೋಣೆಗೆ 2,800. ಅಕ್ಕನಿಗೆ ಮಂಡಿನೋವು. ಹೆಚ್ಚು ಓಡಾಡಲು ಆಗದಿದ್ದರೂ ಕಿಟಕಿಯಲ್ಲಿ ಕುಳಿತು ನೋಡಬಹುದಲ್ಲ ಎಂದು ದುಬಾರಿಯದನ್ನೇ ಹಿಡಿದೆವು. ಪರದೆ ಸರಿಸಿದರೆ ಎದುರಿಗೆ ಪಕ್ಕದ ಕಟ್ಟಡದ ಕಪ್ಪು ನೀರಿನ ಟ್ಯಾಂಕು, ಅದರ ಮೇಲೆ ಒಣಗಲು ಹಾಕಿದ ಎರಡು ಲುಂಗಿ. ಸಾಮಾನು ತಂದ ಹುಡುಗ ಸ್ವಲ್ಪವೂ ಅಳುಕದೆ, "ಕಿಟಕಿಯ ಈ ಮೂಲೆಗೆ ಬಂದು ಎಡಕ್ಕೆ ಬಗ್ಗಿ ನೋಡಿ ಮೇಡಂ" ಎಂದ. ಬಗ್ಗಿದೆ. ಟ್ಯಾಂಕಿನ ಹಿಂದೆ ಗುಮ್ಮಟದ ಒಂದು ಚೂರು, ತಿಂದುಳಿದ ಹೋಳಿಗೆಯ ಅಂಚಿನಷ್ಟು, ಇತ್ತು. ಅಕ್ಕ ಹಾಸಿಗೆಯ ಮೇಲೆ ಕುಳಿತು, "ಟ್ಯಾಂಕೂ ಗುಂಡಗೇ ಇದೆ ಬಿಡು" ಎಂದಳು. ಕೆಳಗೆ ಹೋಗಿ ಜಗಳ ಮಾಡಿದೆ. ಮೊದಲೇ ಹಣ ಕಟ್ಟಿದ್ದರಿಂದ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಕೋಣೆ ನೋಡದೆ ಪೂರ್ತಿ ಹಣ ಕಟ್ಟಬೇಡಿ.

"ನೋಡುವ ಜಾಗಗಳೆಲ್ಲ ನಡೆಯುವಷ್ಟು ಹತ್ತಿರ" ಎಂಬ ಮಾತನ್ನೂ ನಂಬಬೇಡಿ. ಇದು ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರು. 1686ರಲ್ಲಿ ಔರಂಗಜೇಬನ ಕೈಗೆ ಹೋಗುವವರೆಗೆ ಒಬ್ಬೊಬ್ಬ ಸುಲ್ತಾನನೂ ತನಗೆ ಬೇಕಾದಲ್ಲಿ ಬೇಕಾದಷ್ಟು ಕಟ್ಟಿಸಿದ್ದಾನೆ. ರೈಲು ನಿಲ್ದಾಣ, ಗೋಳಗುಮ್ಮಟ ಪೂರ್ವದ ತುದಿಯಲ್ಲಿ. ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನ್, ಹಳೆಯ ಅರಮನೆ ಗಗನ ಮಹಲ್ ನಡುವೆ. ಕಾವಲು ಗೋಪುರವಾದ ಉಪಲಿ ಬುರುಜು, ಮುಲ್ಕ್ ಮೈದಾನ್ ಎಂಬ ದೊಡ್ಡ ತೋಪು, ತಾಜ್ ಬಾವಡಿ ಎಂಬ ಬಾವಿ, ಇಬ್ರಾಹಿಂ ರೋಜಾ ಎಲ್ಲ ಪಶ್ಚಿಮದಲ್ಲಿ, ಗುಮ್ಮಟದಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ. ಆದ್ದರಿಂದ ಗುಮ್ಮಟದ ಬುಡದಲ್ಲೇ ಉಳಿದುಕೊಂಡರೆ ಹತ್ತಿರವಾಗುವುದು ಗುಮ್ಮಟ ಒಂದೇ. ನಡುವಿನ ಪೇಟೆಯಲ್ಲಿ ಸಾಧಾರಣ ವಸತಿಗೃಹ ಹಿಡಿದರೆ ಎರಡೂ ಕಡೆಗೆ ಅನುಕೂಲ. ಸಂಕ್ರಾಂತಿಯ ಹೊತ್ತಿಗೆ ಹೋಗುವವರಿದ್ದರೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಕೋಣೆ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಗುಮ್ಮಟ. ಗುರುವಾರ ಹನ್ನೊಂದು ಗಂಟೆಗೆ ಹೋಗಿ ತಪ್ಪು ಮಾಡಿದೆವು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ಹೊರಗೆ ಸಾಲು ಸಾಲು ಬಸ್ಸು. ಅಕ್ಕ ಕೆಳಗೇ ಕುಳಿತಳು, ನಾನೊಬ್ಬಳೇ ಮೂಲೆಯ ಗೋಪುರದ ಮೆಟ್ಟಿಲು ಹತ್ತಿದೆ. ಏಳು ಅಂತಸ್ತು, ಇಕ್ಕಟ್ಟು, ಕತ್ತಲೆ. ಹತ್ತುವವರಿಗೂ ಇಳಿಯುವವರಿಗೂ ಅದೇ ದಾರಿ. ಮೇಲೆ ಪಿಸುಮಾತಿನ ಮೊಗಸಾಲೆಯಲ್ಲಿ ಪಿಸುಮಾತಾಡುವವರು ಒಬ್ಬರೂ ಇರಲಿಲ್ಲ. ಇನ್ನೂರು ಮಕ್ಕಳು ತಮ್ಮ ತಮ್ಮ ಹೆಸರನ್ನು ಕೂಗುತ್ತಿದ್ದರು, ಗುಮ್ಮಟ ಒಂದೊಂದನ್ನೂ ಮತ್ತೆ ಮತ್ತೆ ಒಪ್ಪಿಸುತ್ತಿತ್ತು. ಶಿಕ್ಷಕರೊಬ್ಬರು ಸುಮ್ಮನಿರಿ ಎಂದು ಗದರಿದರೆ ಅದೂ ಹಲವು ಸಲ ಕೇಳಿಸಿತು. ಗದ್ದಲ ಸಹಿಸಿಕೊಳ್ಳುವ ಸ್ವಭಾವ ನನ್ನದಲ್ಲ. ಐದು ನಿಮಿಷಕ್ಕೆ ತಲೆನೋವು ಹಿಡಿದು ಇಳಿದುಬಿಟ್ಟೆ.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಇಬ್ಬರೂ ಹೋದೆವು. ಈ ಸಲ ಅಕ್ಕನೂ ಹಟ ಹಿಡಿದು ಹತ್ತಿದಳು, ಅಂತಸ್ತಿಗೊಮ್ಮೆ ಕುಳಿತು, ಅರ್ಧ ಗಂಟೆ ತೆಗೆದುಕೊಂಡು. ಮೇಲೆ ನಮ್ಮನ್ನು ಬಿಟ್ಟರೆ ಪಾರಿವಾಳಗಳು. ಅವಳು ಗೋಡೆಗೆ ಬೆನ್ನು ಕೊಟ್ಟು ಕುಳಿತಳು, ನಾನು ಸುತ್ತು ಬಳಸಿ ಎದುರು ಬದಿಗೆ ಹೋದೆ. ಒಳಗಿನ ವ್ಯಾಸವೇ ಸುಮಾರು 38 ಮೀಟರ್; ಅಷ್ಟು ದೂರದಿಂದ ಅವಳ ಮುಖವೂ ಸರಿಯಾಗಿ ಕಾಣದು. ಗೋಡೆಗೆ ಕಿವಿ ಹಚ್ಚಿದೆ. ದನಿ ಗೋಡೆಯ ಬಾಗನ್ನೇ ಹಿಡಿದು ಜಾರಿ ಬಂದು, ನನ್ನ ಹೆಗಲ ಹಿಂದೆಯೇ ನಿಂತು ಹೇಳಿದಂತೆ ಕೇಳಿಸಿತು: "ಇವತ್ತೂ ಆ ಬದನೆಕಾಯಿಯ ಖಾನಾವಳಿಗೇ ಹೋಗೋಣ." 1656ರ ಹೊತ್ತಿಗೆ ಮಹಮ್ಮದ್ ಆದಿಲ್‌ಶಾಹನಿಗಾಗಿ ಎದ್ದ ಸಮಾಧಿ ಇದು. ನಡುವೆ ಒಂದೂ ಕಂಬವಿಲ್ಲ, ಒಂದನ್ನೊಂದು ಕತ್ತರಿಸುವ ಕಮಾನುಗಳೇ ಇಡೀ ಭಾರವನ್ನು ಹೊತ್ತಿವೆ. ಅದನ್ನು ಮೊಗಸಾಲೆಯಿಂದ ಕೆಳಗೆ ಬಗ್ಗಿ ನೋಡಿದರೆ ತಿಳಿಯುವಷ್ಟು ಯಾವ ಚಿತ್ರದಲ್ಲೂ ತಿಳಿಯುವುದಿಲ್ಲ. ಒಬ್ಬರೇ ಹೋಗಬೇಡಿ, ಪಿಸುಗುಡಲು ಇನ್ನೊಬ್ಬರು ಬೇಕು.

ಇಳಿದು ಬಂದು ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೀಗ. ಶುಕ್ರವಾರ ಅದಕ್ಕೆ ರಜೆ. ವಿಚಾರಿಸದೆ ಹೋದದ್ದು ನಮ್ಮದೇ ತಪ್ಪು. ಜುಮ್ಮಾ ಮಸೀದಿಗೂ ಶುಕ್ರವಾರ ನಡುಮಧ್ಯಾಹ್ನ ಹೋಗಬೇಡಿ, ನಮಾಜಿನ ವೇಳೆ. ಆಮೇಲೆ ಹೋದರೆ ನೆಲದಲ್ಲಿ ಒಬ್ಬೊಬ್ಬರಿಗೆ ಒಂದರಂತೆ ಗುರುತಿಸಿದ 2,250 ಜಾಗಗಳನ್ನು ನೋಡಬಹುದು.

ಈಗ ಖಾನಾವಳಿ. ಪೇಟೆಯ ಒಂದು ಸಂದಿಯಲ್ಲಿ, ಮೇಲೆ ಹಳೆಯ ತಗಡಿನ ಫಲಕ, ಒಳಗೆ ಆರು ಮೇಜು. ಅಡುಗೆಮನೆಯ ಬಾಗಿಲಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದುದರಿಂದಲೇ ನಾವು ಒಳಗೆ ಹೋದದ್ದು. ಊಟಕ್ಕೆ 90 ರೂಪಾಯಿ. ಬಿಸಿ ಜೋಳದ ರೊಟ್ಟಿ, ಬೇಡವೆಂದರೆ ಖಡಕ್ ರೊಟ್ಟಿ. ಎಣ್ಣೆಗಾಯಿ ಬದನೆಯನ್ನು ಬೆರಳಿನಿಂದ ಮುಟ್ಟಿದರೆ ಬಿಚ್ಚಿಕೊಳ್ಳುತ್ತಿತ್ತು. ಒಳಗಿನ ಶೇಂಗಾ, ಎಳ್ಳು ಎಣ್ಣೆ ಬಿಟ್ಟು ಹೊಳೆಯುತ್ತಿದ್ದವು. ಜೊತೆಗೆ ಮಡಕೆಕಾಳಿನ ಪಲ್ಯ, ಪುಂಡಿ ಸೊಪ್ಪು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಹಸಿ ಮೆಂತ್ಯದ ಎಳೆಗಳು. ತಟ್ಟೆಯ ಮೂಲೆಯಲ್ಲಿ ರಂಜಕವನ್ನು, ಅಂದರೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿಯನ್ನು, ಒಂದು ಗುಲಗಂಜಿಯಷ್ಟು ಇಟ್ಟಿದ್ದರು. ಅಷ್ಟೇ ಏಕೆ ಎಂದು ಇನ್ನೊಂದಿಷ್ಟು ಹಾಕಿಸಿಕೊಂಡ ಮೇಲೆ, ಏಕೆ ಎಂದು ತಿಳಿಯಿತು. ಬಡಿಸುತ್ತಿದ್ದ ಹಿರಿಯ ಹೆಂಗಸು ಒಂದು ಮಾತೂ ಆಡದೆ ಮೊಸರಿನ ಪಾತ್ರೆಯನ್ನು ನನ್ನ ಮುಂದೆ ಇಟ್ಟು ಹೋದರು. ಮೂರು ದಿನದಲ್ಲಿ ನಾಲ್ಕು ಸಲ ಅಲ್ಲೇ ಉಂಡೆವು. ವಸತಿಗೃಹದವರು 220 ರೂಪಾಯಿಗೆ ಕೊಟ್ಟ ಬೆಳಗಿನ ಉಪಾಹಾರದಲ್ಲಿ ಬ್ರೆಡ್ಡು ತಣ್ಣಗಿತ್ತು, ಕಾಫಿಯೂ ತಣ್ಣಗಿತ್ತು, ಅಷ್ಟು ಹೇಳಿದರೆ ಸಾಕು.

ಪಶ್ಚಿಮದ ಕಡೆಗೆ ಹೊರಟಾಗ ಆಟೋದವನು ನಾಲ್ಕು ಜಾಗಕ್ಕೆ 900 ಕೇಳಿದ. "ಅಕ್ಕಾ, ಊರೆಲ್ಲ ತೋರಿಸುತ್ತೇನೆ" ಎಂದ. 500ಕ್ಕೆ ಇಳಿಸಿದೆ. ಆಮೇಲೆ ಷೇರ್ಜಾ ಬುರುಜಿನ ಮೇಲೆ ಮುಲ್ಕ್ ಮೈದಾನ್ ತೋಪಿನ ಪಕ್ಕದಲ್ಲಿ ನಿಂತಾಗ ನಗು ಬಂತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ತೋಪನ್ನು 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಕೂಗು 150 ರೂಪಾಯಿ. ಬೆಲೆ ಕಡಿಮೆಯಾಯಿತೆಂದು ಮಾರಾಟ ನಿಂತುಹೋಯಿತು, ತೋಪು ಉಳಿಯಿತು. ಅದರ ಬಾಯಿಯನ್ನು ಬಗ್ಗಿ ನೋಡಿ: ತೆರೆದ ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಉಪಲಿ ಬುರುಜಿಗೆ ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲಿದೆ. ಅಕ್ಕ ಹತ್ತಲಿಲ್ಲ, ನಾನೂ ಹತ್ತಲಿಲ್ಲ.

ಈ ಊರಿನಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ನಾನು ಗುಮ್ಮಟವನ್ನು ಬಿಟ್ಟು ಇಬ್ರಾಹಿಂ ರೋಜಾಕ್ಕೆ ಹೋಗುತ್ತೇನೆ. ಒಂದೇ ಜಗಲಿಯ ಮೇಲೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ, ಮಸೀದಿ ಎದುರುಬದುರು. ಕಟ್ಟಿದವನು ಮಲಿಕ್ ಸಂದಲ್. ಸುಮಾರು ಒಂದೂವರೆ ಲಕ್ಷ ಹೊನ್ನು ಖರ್ಚಾಯಿತೆಂದು ಅಲ್ಲೇ ಶಾಸನವಿದೆ. ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲರಿ ಮಾಡಿದ್ದಾರೆ. ಸಂಜೆ ನಾಲ್ಕಕ್ಕೆ ಹೋದೆವು. ಹೊರಗಿನಿಂದ ಬರಿಯ ಕೆತ್ತನೆ. ಒಳಗೆ ನಿಂತರೆ ಒಂದೊಂದು ಅಕ್ಷರದ ಸುತ್ತಲಿನ ಸಂದಿಯಿಂದಲೂ ಬೆಳಕು ಸೋರಿ ಗೋರಿಯ ಮೇಲೆ ಬೀಳುತ್ತಿತ್ತು. ಅಕ್ಕ ಒಂದು ಗಂಟೆ ಜಗಲಿಯ ಅಂಚಿನಲ್ಲಿ ಕುಳಿತಿದ್ದಳು. ಗಿಳಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಶಾಲೆಯ ಬಸ್ಸುಗಳು ಇಲ್ಲಿಗೆ ಬೆಳಿಗ್ಗೆಯೇ ಬಂದು ಹೋಗಿದ್ದವಂತೆ.

ಹೋಗುವಾಗ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೋಗಿ, ನಸುಕಿನ ನಾಲ್ಕು ಗಂಟೆಗೆ ಊರ ಹೊರಗಿನ ಹೆದ್ದಾರಿಯಲ್ಲಿ ಇಳಿಸಿಕೊಂಡ ಅನುಭವ ಸಾಕಾಗಿತ್ತು. ಹಿಂದಿರುಗುವಾಗ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಂದೆವು. ನಿಧಾನ, ಆದರೆ ಕಾಲು ಚಾಚಬಹುದು. ಖಾನಾವಳಿಯ ಹೆಂಗಸಿನಿಂದ ಹದಿನೈದು ಖಡಕ್ ರೊಟ್ಟಿ, ಪಾವು ಕಿಲೋ ಶೇಂಗಾ ಚಟ್ನಿ ಕಟ್ಟಿಸಿಕೊಂಡಿದ್ದೆವು. ನೀವೂ ಕಟ್ಟಿಸಿಕೊಳ್ಳಿ, ಇಪ್ಪತ್ತೈದೇ ಕಟ್ಟಿಸಿಕೊಳ್ಳಿ. ನಮ್ಮವು ಹುಬ್ಬಳ್ಳಿಗೇ ಮುಗಿದವು.